ಎಡಗೈ ನೂಲು

೧೧ ಸೆಪ್ಟೆಂಬರ್ ೧೯೩೯, ಸೋಮವಾರ

ಇವತ್ತು ನೂಲು ಮೂರು ಲಡಿ. ಒಟ್ಟು ಹತ್ತೊಂಬತ್ತು. ಐವತ್ತಾಗಬೇಕು.

ಮೈಮುನಾಳ ನೂಲು ಇನ್ನೂ ದಪ್ಪ. ದನ ಕಟ್ಟಬಹುದು ಅಂದರೆ ನಗುತ್ತಾಳೆ. ಕಸ್ತೂರೆವ್ವಳದು ಸಣ್ಣ, ಆದರೆ ಮಾತುಮಾತಿಗೆ ಕಡಿಯುತ್ತದೆ. ಗೌಡರ ಮೊಮ್ಮಗಳು, ಮನೆಯಲ್ಲಿ ಹುಲ್ಲುಕಡ್ಡಿ ಎತ್ತಿದವಳಲ್ಲ. ನೂಲುವ ತಕಲಿ ಹಿಡಿದು ಕೂತದ್ದೇ ದೊಡ್ಡದು.

ಲಡಿ ಅಳೆಯುವಾಗ ಗಜ, ಫೂಟು, ಇಂಚು ಮುಗಿದವು. ತೂಗುವಾಗ ಸೇರು, ಪಾವು. ಹತ್ತಿ ಎಲ್ಲಿಂದ ಬಂತು ಅಂತ ಭೂಗೋಳ. ಟ್ರೇನಿಂಗ್ ಕಾಲೇಜಿನಲ್ಲಿ ಪ್ರೊಫೆಸರು "ಪ್ರಾಜೆಕ್ಟ್ ಮೆಥಡ್" ಅಂತ ಆರು ತಿಂಗಳು ಬೋರ್ಡಿನ ಮೇಲೆ ಬರೆದರು, ಒಂದು ದಿನವೂ ಮಾಡಿ ತೋರಿಸಲಿಲ್ಲ. ನಾನು, ಹುಸೇನಬಾಷಾ ನದಾಫ, ಮಾಡಿ ತೋರಿಸುತ್ತಿದ್ದೇನೆ — ಗರಗದಿಂದ ಎರಡು ಮೈಲಿಯ ಈ ಊರಿನಲ್ಲಿ, ಗೌಡರ ಹಳೆಯ ಕಣಜದ ಮನೆಯಲ್ಲಿ. ಮೂರನೇ ನಾಲ್ಕನೇ ಇಯತ್ತೆ ಕೂಡಿಸಿ ಮೂವತ್ತೊಂದು ಮಕ್ಕಳು. ಅವರೇ ನೂತ ನೂಲಿನಿಂದ ಅವರೇ ಕೂಡುವ ಹಾಸು. ಇಡೀ ಧಾರವಾಡ ತಾಲೂಕಿನಲ್ಲಿ ಇಂಥದ್ದು ಇನ್ನೊಂದು ಇದ್ದರೆ ತೋರಿಸಲಿ.

ಜಂಬ ಹೆಚ್ಚಾಯಿತೋ ಏನೋ. ಇರಲಿ, ಇದನ್ನು ಓದುವವರು ಯಾರು.

೧೭ ಸೆಪ್ಟೆಂಬರ್, ಭಾನುವಾರ

ಹುಬ್ಬಳ್ಳಿಯ ಮನೆಗೆ ಹೋಗಿದ್ದೆ. ಅಬ್ಬಾ ಬಿಲ್ಲು ಹಿಡಿದು ಯಾರದೋ ಹಾಸಿಗೆಯ ಹತ್ತಿ ಹಿಂಜುತ್ತಿದ್ದರು. ಗಡ್ಡದ ತುಂಬ ಹತ್ತಿ. ಶಾಲೆಯ ಸುದ್ದಿ ಹೇಳಿದೆ. ಬಿಲ್ಲು ನಿಲ್ಲಿಸಿ ನನ್ನ ಕೋಟು ನೋಡಿದರು, ಟೊಪ್ಪಿಗೆ ನೋಡಿದರು.

"ಹತ್ತಿ ಬಿಟ್ಟು ಓಡಿಹೋಗ್ಲಿ ಅಂತ ನಿನ್ನ ಸಾಲಿಗೆ ಹಾಕಿದೆ. ನೀ ಸಾಲ್ಯಾಗೂ ಹತ್ತೀನ ತಂದ್ಯಲ್ಲೋ."

ನಕ್ಕರು. ನಾನೂ ನಕ್ಕೆ. ಹೊರಡುವಾಗ ಒಂದು ಗಂಟು ಹಿಂಜಿದ ಹತ್ತಿ ಕೊಟ್ಟು, ನೂಲಲು ಸುತ್ತುವ ಹಂಜಿ ಸಡಿಲ ಮಾಡಬೇಡ ಅಂದರು. ಶಾಲೆಗಳ ಇನ್ಸ್ಪೆಕ್ಟರ ಮುಂದೆ ನನ್ನ ತಂದೆ ಪಿಂಜಾರ ಅಂತ ಹೇಳಲು ಎರಡು ವರ್ಷ ಹಿಂಜರಿದಿದ್ದೆ. ಈ ಸಲ ನಾನೇ ಮೊದಲು ಹೇಳುವವನು.

೩ ಅಕ್ಟೋಬರ್

ಐವತ್ತೆರಡು ಲಡಿ!

ಪ್ರತಿಯೊಂದಕ್ಕೂ ನೂತವರ ಹೆಸರಿನ ಚೀಟಿ ಕಟ್ಟಿಸಿದೆ. ಈ ಉಪಾಯ ನನ್ನದೇ. ಯಾರ ನೂಲು ಗಟ್ಟಿ, ಯಾರದು ಸಮ, ಗೊತ್ತಾಗಬೇಕಲ್ಲ. ಮಕ್ಕಳು ಒಂದೊಂದು ಚೀಟಿಯನ್ನು ಎರಡೆರಡು ಸಲ ಬರೆದು ಅಂದ ಮಾಡಿದರು. ಮೊದಲು ನೋಡಲಿಕ್ಕೆ ಒಂದು ಗಜದ ತುಂಡು ನೇಯಲು ಗರಗದ ಗಂಗಪ್ಪನಿಗೆ ಕೊಟ್ಟು ಬಂದೆ. ನಲವತ್ತು ವರ್ಷ ಮಗ್ಗದಲ್ಲಿ ಕೂತ ಮನುಷ್ಯ. ಲಡಿ ಮುಟ್ಟಿ ನೋಡಿ, ಮಕ್ಕಳ ಕೈ ಅಂದರೆ ನಂಬುವುದಿಲ್ಲ ಅಂದ. ಎರಡು ಮೈಲಿ ನಡೆದು ಬಂದದ್ದೇ ತಿಳಿಯಲಿಲ್ಲ.

೧೦ ಅಕ್ಟೋಬರ್

ಕಸ್ತೂರೆವ್ವಳೂ ಸೇರಿ ಎಂಟು ಮಕ್ಕಳನ್ನು ಕರೆದುಕೊಂಡು ಗರಗಕ್ಕೆ ಹೋದೆ. ತುಂಡು ಬಂದಿದೆ. ಛಲೋ ಬಂದಿದೆ. ಆದರೆ ನಡುವೆ ನಾಲ್ಕು ಬೆರಳಗಲ ಒಂದು ಪಟ್ಟಿ — ಬೇರೆಯೇ ಕಾಣುತ್ತದೆ. ಬಣ್ಣವಲ್ಲ, ಒಂಥರಾ ಮಬ್ಬು. ಒದ್ದೆ ಕೈಯಿಂದ ಒರೆಸಿದಂತೆ.

ಗಂಗಪ್ಪನಿಗೂ ತಲೆಬಿಸಿ. ಬೇರೆ ಎಳೆ ಕಡಿದರೆ ಬೆರಳಲ್ಲಿ ಹೊಸೆದು ಕೂಡಿಸುತ್ತಾನೆ, ಮುಗಿಯಿತು. "ಈ ಎಳಿ ಹೊಸೆದ ಹಾಂಗ ಬಿಚ್ಚಿಕೋತ ಹೊಕ್ಕಾವು ನೋಡ್ರಿ ಮಾಸ್ತರ. ಇಂಥಾ ನೂಲು ನಾ ಕಂಡಿಲ್ಲ."

ಅವನು ಶಿಸ್ತಿನ ಮನುಷ್ಯ, ಮಗ್ಗಕ್ಕೆ ಎಳೆ ಹೂಡುವಾಗ ಚೀಟಿಗಳನ್ನೂ ಅದೇ ಸಾಲಿನಲ್ಲಿ ಕಡ್ಡಿಗೆ ಚುಚ್ಚಿಟ್ಟಿದ್ದ. ಮಬ್ಬು ಪಟ್ಟಿಯ ಎದುರಿನ ಚೀಟಿ ಓದಿದೆ. ಸಾವಂತ್ರೆವ್ವ.

ಕೇರಿಯ ಹುಡುಗಿ. ಮಹಾದೇವಪ್ಪನ ಮಗಳು, ಹನ್ನೊಂದು ವರ್ಷ. ಊರು ಮುಟ್ಟಿಸಿಕೊಳ್ಳದ ಮನೆಗಳವಳು. ಆ ಮನೆಗಳಿಂದ ನಾಲ್ಕು ಮಕ್ಕಳು ಬರುತ್ತಾರೆ. ಬಾಗಿಲ ಹೊರಗೆ, ಪಡಸಾಲೆಯಲ್ಲಿ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂಡುತ್ತಾರೆ. ಹಾಗೆ ಕೂಡಿಸಬಾರದು ಅಂತ ಸರಕಾರದ ಆರ್ಡರ್ ಇದೆ. ನನ್ನ ಕಪಾಟಿನಲ್ಲಿದೆ.

ದಾರಿಯಲ್ಲಿ ಮಕ್ಕಳು ಆ ಹೆಸರನ್ನೇ ಗುಸುಗುಸು ಆಡುತ್ತ ಬಂದರು.

೧೧ ಅಕ್ಟೋಬರ್

ಗೌಡರು ಕರೆಸಿದ್ದರು. ನನಗಿಂತ ಮೊದಲು ಸುದ್ದಿ ಹೋಗಿದೆ. ಕಸ್ತೂರೆವ್ವ ಮನೆಯಲ್ಲಿ ಹೇಳಿರಬೇಕು. ಕೂಸು, ಅದರದೇನು ತಪ್ಪು.

ಗೌಡರು ಸಿಟ್ಟು ಮಾಡಲಿಲ್ಲ. ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟರು. ನನ್ನ ಕಪ್ಪುಬಸಿ ಬೇರೆ, ಅದು ಗೂಡಿನಲ್ಲಿ ಬೇರೆಯೇ ಇರುತ್ತದೆ. ಆಮೇಲೆ ಹೇಳಿದರು —

"ಕೈ ಹೊಲಸ ಇದ್ರ ನೂಲೂ ಹೊಲಸ ಬರತೈತ್ರಿ. ನಮ್ಮ ಮಕ್ಕಳು ಕೂಡೂ ಹಾಸು. ಅವರ ನೂಲು ಅದರಾಗ ಬ್ಯಾಡ. ಸಾಲಿ ನಮ್ಮ ಕಟ್ಟಡದಾಗ ಸುಸೂತ್ರ ನಡದೈತಿ, ನಡೀಲಿ."

ಕಟ್ಟಡ ಅನ್ನುವಾಗ ನನ್ನ ಮುಖ ನೋಡಲಿಲ್ಲ. ನೋಡಬೇಕಾಗಿರಲಿಲ್ಲ.

ಆಗಲಿ ಅಂದೆ.

ಶಾಲೆಗೆ ಬಂದು ಸಾವಂತ್ರೆವ್ವಳಿಗೆ ಹೇಳಿದೆ, ಸ್ವಲ್ಪ ದಿನ ನೂಲುವುದು ಬೇಡ, ಪುಸ್ತಕ ಓದು. ತಕಲಿಯನ್ನು ಲಂಗದ ಅಂಚಿನಿಂದ ಒರೆಸಿ ಹೊಸ್ತಿಲ ಮೇಲಿಟ್ಟಳು. ನಾನು ಅದನ್ನು ಎತ್ತಿಕೊಂಡೆ.

ಚೀಟಿ ಕಟ್ಟಿಸಿದ್ದು ನಾನು. ಮಾಡಿದ್ದುಣ್ಣೋ ಮಾರಾಯ ಅಂತಾರೆ. ಉಣ್ಣುವವಳು ಅವಳಾದಳು.

೨೪ ಅಕ್ಟೋಬರ್

ಹದಿಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದೇನಿತ್ತು? ರೋಜಾ ನಡೆದಿವೆ. ಸಾವಂತ್ರೆವ್ವ ಶಾಲೆಗೆ ಬಂದಿಲ್ಲ. ಹಾಜರಿ ಪುಸ್ತಕದಲ್ಲಿ ದಿನವೂ ಗೈರು ಹಾಕುತ್ತಿದ್ದೇನೆ, ದಿನವೂ ಅಕ್ಷರ ಕೆಟ್ಟು ಬರುತ್ತದೆ.

ಇವತ್ತು ಮೈಮುನಾ ಎದ್ದು ನಿಂತಳು. ಲೆಕ್ಕ ಕೇಳುತ್ತಾಳೆ ಅಂದುಕೊಂಡೆ.

"ಮಾಸ್ತರ, ಆ ನೂಲಿಗೆ ಏನಾಗಿತ್ತಂತ ನಾವು ನೋಡಲೇ ಇಲ್ಲಲ್ರಿ. ಗೊತ್ತಾಗೂತನಕಾ ಬಿಡಬಾರದು ಅಂತ ನೀವ ಹೇಳೀರಿ."

ಹೌದು, ನಾನೇ ಹೇಳಿದ್ದೆ. ಮೊದಲ ದಿನ, ಬೋರ್ಡಿನ ಮೇಲೆ, ದೊಡ್ಡ ಅಕ್ಷರದಲ್ಲಿ. ಪ್ರೊಫೆಸರನ್ನು ಬೈದೆನಲ್ಲ, ನಾನೂ ಅವರ ತಮ್ಮನೇ.

ನಾಳೆಯಿಂದ ನೋಡೋಣ ಅಂದೆ.

೨೬ ಅಕ್ಟೋಬರ್, ಮಧ್ಯಾಹ್ನ

ಇದನ್ನು ಈಗಲೇ ಬರೆಯಬೇಕು. ಮಕ್ಕಳು ಮನೆಗೆ ಹೋಗಿ ಅರ್ಧ ಗಂಟೆಯೂ ಆಗಿಲ್ಲ.

ಸಾವಂತ್ರೆವ್ವಳ ಒಂದು ಲಡಿ ಉಳಿದಿತ್ತು. ನಿನ್ನೆ ತೂಗಿದರು, ಸರಿ ಇದೆ. ಸೀಗೆಕಾಯಿ ಹಾಕಿ ತೊಳೆದರು. ಅದನ್ನು ತೊಳೆದ ನೀರಿಗಿಂತ ಕಸ್ತೂರೆವ್ವಳ ಲಡಿ ತೊಳೆದ ನೀರೇ ಹೆಚ್ಚು ಕೊಳೆ! ಕಸ್ತೂರೆವ್ವಳ ಮುಖ ನೋಡಬೇಕಿತ್ತು. ಹತ್ತಿ ಒಂದೇ ಚೀಲದ್ದು, ಹಂಜಿ ಒಂದೇ ಕೈಯದು. ಹಾಗಾದರೆ ಏನು?

ಇವತ್ತು ಕಸ್ತೂರೆವ್ವಳೇ ಕಂಡುಹಿಡಿದಳು. ತನ್ನ ನೂಲಿಗೆ ಒಂದು ಕಡ್ಡಿ ಕಟ್ಟಿ ತೂಗುಬಿಟ್ಟಳು. ಹುರಿ ಬಿಚ್ಚುತ್ತ ಕಡ್ಡಿ ಒಂದು ಕಡೆಗೆ ತಿರುಗಿತು. ಸಾವಂತ್ರೆವ್ವಳ ನೂಲಿಗೆ ಕಟ್ಟಿದಳು. ಇನ್ನೊಂದು ಕಡೆಗೆ ತಿರುಗಿತು. ಎಲ್ಲರೂ ತಮ್ಮ ತಮ್ಮ ನೂಲು ತೂಗುಬಿಟ್ಟರು. ಮೂವತ್ತು ಕಡ್ಡಿ ಒಂದೇ ಕಡೆ, ಅದೊಂದೇ ಬೇರೆ. ಗಂಗಪ್ಪ ಬಲಕ್ಕೆ ಹೊಸೆದರೆ ಅದು ಬಿಚ್ಚದೆ ಏನು ಮಾಡೀತು! ಹುರಿ ಉಲ್ಟಾ ತಿರುಗಿದ್ದರಿಂದ ಬೆಳಕೂ ಅದರ ಮೇಲೆ ಬೇರೆಯಾಗಿ ಬಿದ್ದು ಮಬ್ಬಾಗಿ ಕಂಡಿದೆ. ಹೊಲಸಲ್ಲ, ಏನಲ್ಲ.

ಯಾಕೆ ಉಲ್ಟಾ ತಿರುಗಿತು? ಒಬ್ಬೊಬ್ಬರೂ ಬೇರೆ ಬೇರೆ ಥರ ತಕಲಿ ತಿರುಗಿಸಿ ನೋಡಿದರು. ಮೈಮುನಾ ಎಡಗೈಯಲ್ಲಿ ತಿರುಗಿಸಿದಳು.

"ಸಾವಂತ್ರೆವ್ವ ಎಡಚಿ ಅದಾಳ್ರಿ," ಅಂದಳು.

ಎರಡು ತಿಂಗಳು ಅವಳು ನನ್ನ ಶಾಲೆಯಲ್ಲಿ ಎಡಗೈಯಿಂದ ನೂತಿದ್ದಾಳೆ. ಎಲ್ಲ ಮಕ್ಕಳ ಕೈ ನನಗೆ ಗೊತ್ತು ಅಂತ ಗಂಗಪ್ಪನ ಮುಂದೆ ಕೊಚ್ಚಿಕೊಂಡಿದ್ದೆ. ಬಾಗಿಲ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಮಕ್ಕಳ ಬಗ್ಗೆ ಹೆಮ್ಮೆ. ನನ್ನ ಬಗ್ಗೆ ನಾಚಿಕೆ. ಎರಡೂ ಒಟ್ಟಿಗೆ.

೨೭ ಅಕ್ಟೋಬರ್

ಬೆಳಿಗ್ಗೆ ಕೇರಿಗೆ ಹೋದೆ. ಮಹಾದೇವಪ್ಪ ಎದ್ದು ನಿಂತವನು ಕೂರಲೇ ಇಲ್ಲ. ಕಡ್ಡಿ ತಿರುಗಿದ ಸಂಗತಿ ಎಲ್ಲ ಹೇಳಿದೆ. ಅವನು ಮಗಳ ಕಡೆ ನೋಡಿದ.

"ಎಡಗೈ ಅಂತ ಸಣ್ಣಾಕಿ ಇದ್ದಾಗ ಬಡದು ಬಡದು ಉಣ್ಣೂದು, ಬರಿಯೂದು ಬಲಕ್ಕ ತಂದೇವ್ರಿ. ನೂಲೂದಕ್ಕ ಯಾರೂ ಏನೂ ಅನ್ನಲಿಲ್ಲ. ಹಿಂಗಾಗಿ ತನ್ನ ಕೈಲೆ ನೂತಾಳ."

ತಪ್ಪು ನನ್ನದು ಅಂದೆ. ಅವನ ಹತ್ತಿರ ಅಲ್ಲ, ಅವಳ ಹತ್ತಿರ. ಮಾಸ್ತರ ಬಾಯಲ್ಲಿ ಈ ಮಾತು ಕೇಳಿ ಅವಳಿಗೇ ಸಂಕೋಚವಾಯಿತು. ತಕಲಿ ಕೊಟ್ಟೆ. ಒಂದು ಗಜದ ತುಂಡನ್ನೂ ತೋರಿಸಿದೆ. ಬಹಳ ಹೊತ್ತು ನೋಡಿದಳು, ಹೊರಳಿಸಿ ನೋಡಿದಳು, ಬಿಸಿಲಿಗೆ ಹಿಡಿದು ನೋಡಿದಳು.

"ಒಂದ ಕಡೆ ಇದ್ರ ಕಲಿ ಬಿದ್ದಾಂಗ ಕಾಣತೈತ್ರಿ. ನಾಕ ಬೆರಳಿಗೊಮ್ಮಿ ಹಾಕಿದ್ರ ಪಟ್ಟಾಪಟ್ಟಿ ಆಗತೈತಿ."

ಬಣ್ಣವಿಲ್ಲದ ಪಟ್ಟಾಪಟ್ಟಿ! ನನಗೆ ಹೊಳೆದಿರಲಿಲ್ಲ. ಗಂಗಪ್ಪನಿಗೂ ಹೊಳೆದಿರಲಿಲ್ಲ.

ಆದರೆ ಹಾಸಿನ ಅರ್ಧಕ್ಕೆ ಎಡಗೈ ನೂಲು ಬೇಕು. ಅವಳೊಬ್ಬಳ ಕೈಯಿಂದ ಆದೀತೇ? ಲೆಕ್ಕ ಹಾಕು ಅಂದೆ. ನೆಲದ ಮೇಲೆ ಬೆರಳಿನಿಂದ ಹಾಕಿದಳು. ಒಂದು ವರ್ಷ ಬೇಕು.

ಸಂಜೆ ಗೌಡರಿಗೂ ಹೋಗಿ ಹೇಳಿದೆ. ಎಡಗೈ ಅಂದರೆ ಇನ್ನೂ ಕೆಟ್ಟದ್ದು ಅಂದರು. ಕೈ ಯಾವುದಾದರೂ ನೂಲು ಶುಚಿ ಇದೆ, ನಿಮ್ಮ ಮೊಮ್ಮಗಳೇ ತೊಳೆದು ನೋಡಿದ್ದಾಳೆ ಅಂದೆ. ಹಾಸು ಬರಲಿ, ನೋಡೋಣ ಅಂತ ಎದ್ದು ಒಳಗೆ ಹೋದರು. ಈ ಸಲ ಆಗಲಿ ಅನ್ನಲಿಲ್ಲ ನಾನು.

೩ ನವೆಂಬರ್

ಸಾವಂತ್ರೆವ್ವ ಈಗ ನನ್ನ ಶಾಲೆಯ ಎರಡನೇ ಮಾಸ್ತರ.

ಎಲ್ಲರೂ ಎಡಗೈ ಕಲಿಯಬೇಕು ಅಂತ ಮಕ್ಕಳೇ ತೀರ್ಮಾನ ಮಾಡಿದರು. ಪಡಸಾಲೆ ಬೆಳಕಿದೆ ಅಂತ ಎಲ್ಲರನ್ನೂ ಅಲ್ಲೇ ಕೂಡಿಸಿದೆ. ಅವಳು ನಡುವೆ, ಒಂದು ಮಾರು ದೂರ ಬಿಟ್ಟು. ತೋರಿಸುತ್ತಾಳೆ, ಇವರು ಮಾಡುತ್ತಾರೆ, ತಕಲಿ ಬೀಳುತ್ತದೆ. ಮತ್ತೆ ತೋರಿಸುತ್ತಾಳೆ, ಮತ್ತೆ ಬೀಳುತ್ತದೆ. ಚಿಟಿಕೆ ಹೊಡೆಯುವಾಗ ಹೆಬ್ಬೆರಳು ಎಲ್ಲಿರಬೇಕು ಅನ್ನುವುದು ಕಣ್ಣಿನಿಂದ ಕಲಿಯುವಂಥದ್ದಲ್ಲ. ನನಗೂ ಬಂದಿಲ್ಲ.

ಕಸ್ತೂರೆವ್ವ ಸಿಟ್ಟಿಗೆದ್ದು ಅಳುವ ಹಂತಕ್ಕೆ ಬಂದಳು. ಎದ್ದಳು. ಮನೆಗೆ ಹೋಗುತ್ತಾಳೆ ಅಂದುಕೊಂಡೆ. ಸಾವಂತ್ರೆವ್ವಳ ಎದುರಿಗೆ ಹೋಗಿ ಕೂತು ಎಡಗೈ ಚಾಚಿದಳು.

"ಹಿಡದು ತೋರಸ."

ಸಾವಂತ್ರೆವ್ವ ನನ್ನ ಕಡೆ ನೋಡಿದಳು. ಎಲ್ಲ ಮಕ್ಕಳೂ ನನ್ನ ಕಡೆ ನೋಡಿದರು. ನಾನು ತೋರಿಸು ಅಂದೆ. ತಲೆಯನ್ನೂ ಆಡಿಸಿದೆ.

ಹಿಡಿದಳು. ಬೆರಳಿನ ಮೇಲೆ ಬೆರಳಿಟ್ಟು ತಿರುಗಿಸಿದಳು. ತಕಲಿ ಗಿರ್ರನೆ ತಿರುಗಿತು. ಕಸ್ತೂರೆವ್ವ ಕಿಸಕ್ಕನೆ ನಕ್ಕಳು. ಆಮೇಲೆ ಸಾಲು ಹಚ್ಚಿದರು — ನನಗೂ ತೋರಿಸು, ನನಗೂ ತೋರಿಸು.

೨೦ ನವೆಂಬರ್

ದೀಪಾವಳಿ, ಈದ್ ಎರಡೂ ಒಂದರ ಬೆನ್ನಿಗೆ ಒಂದು ಮುಗಿದವು. ಅಬ್ಬಾ ಬಿಲ್ಲು ಹೊತ್ತುಕೊಂಡು ಬಂದಿದ್ದರು. ಎರಡು ದಿನ ಮಕ್ಕಳ ಮುಂದೆ ಹತ್ತಿ ಹಿಂಜಿದರು. ಬಿಲ್ಲಿನ ಹಗ್ಗ ಯಾಕೆ ಹಾಡುತ್ತದೆ ಅಂತ ಮಕ್ಕಳು ಕೇಳಿದ್ದಕ್ಕೆ ಉತ್ತರ ಹೇಳಲು ನಾನು ಪುಸ್ತಕ ಹುಡುಕಬೇಕಾಯಿತು. ಹೊರಡುವಾಗ ಬಸ್ಸಿನವನಿಗೆ ಹೇಳಿದರಂತೆ, ಇಲ್ಲಿಯ ಮಾಸ್ತರ ನನ್ನ ಮಗ. ಬಸ್ಸಿನವನು ಬಂದು ನನಗೆ ಹೇಳಿದ.

ಎಡಗೈ ನೂಲು ಇಪ್ಪತ್ತು ಲಡಿ. ಚೀಟಿ ಕಟ್ಟಲಿಲ್ಲ. ಎಡದ್ದು ಒಂದು ಬುಟ್ಟಿ, ಬಲದ್ದು ಒಂದು ಬುಟ್ಟಿ, ಅಷ್ಟೇ.

೭ ಡಿಸೆಂಬರ್

ಇನ್ಸ್ಪೆಕ್ಟರ ಸಾಹೇಬರು ಬಂದು ಹೋದರು. ಮೂವತ್ತೊಂದು ಮಕ್ಕಳು ಎಡಗೈಯಲ್ಲಿ ತಕಲಿ ತಿರುಗಿಸುವುದನ್ನು ನೋಡಿ ಬಾಗಿಲಲ್ಲೇ ನಿಂತರು. ಇದೇನು ಊರೋ ಅಂದುಕೊಂಡಿರಬೇಕು. ನಾನು ಬಾಯಿ ತೆರೆಯಲಿಲ್ಲ. ಮಕ್ಕಳೇ ಹೇಳಿದರು. ಕಡ್ಡಿ ತೂಗುಬಿಟ್ಟು ತೋರಿಸಿದರು. ಒಂದು ಸೇರು ಹತ್ತಿಗೆ ಎಷ್ಟು ಲಡಿ, ಒಂದು ಲಡಿಗೆ ಎಷ್ಟು ಗಜ, ಬಾಯಿಲೆಕ್ಕ. ಸಾಹೇಬರು ತಪ್ಪು ಗುಣಿಸಿದಾಗ ಮೈಮುನಾ ಹಿಂಜರಿಯದೆ ತಿದ್ದಿದಳು. ನೆಲ ಬಿರಿಯಬಾರದೇ ಅನ್ನಿಸಿತು, ಕುಣಿಯಬೇಕು ಅಂತಲೂ ಅನ್ನಿಸಿತು.

ನನ್ನ ತಂದೆ ಪಿಂಜಾರರು ಅಂತ ಹೇಳಿದೆ. ಹಾಗೋ ಅಂದರು, ಅಷ್ಟೇ. ಎರಡು ವರ್ಷ ಸುಮ್ಮನೆ ಹೆದರಿದ್ದೆ.

ಭೇಟಿ ಪುಸ್ತಕದಲ್ಲಿ ಬರೆದದ್ದು: "ಹಾಜರಿ ಸಮಾಧಾನಕರ. ಕೈಬರಹ ಸುಧಾರಿಸಬೇಕು."

ಇಷ್ಟೇ! ಮೂರು ಸಲ ಓದಿದೆ, ಹಿಂದಿನ ಪುಟದಲ್ಲೂ ನೋಡಿದೆ. ಹಾಳಾಗಲಿ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಜಟಕಾ ಹತ್ತುವಾಗ ಸಾಹೇಬರ ಎಡಗೈ ಗಾಳಿಯಲ್ಲಿ ಚಿಟಿಕೆ ಹೊಡೆದು ನೋಡುತ್ತಿತ್ತು. ನಾನು ಕಂಡೆ.

೮ ಜನವರಿ ೧೯೪೦, ಸೋಮವಾರ

ಹಾಸು ಬಂತು. ಗಂಗಪ್ಪನೇ ಹೊತ್ತು ತಂದ. ಮೂರು ತುಂಡು, ಮೂರು ಸಾಲಿಗೆ. ಬಾಗಿಲ ಕಡೆಯಿಂದ ನೋಡಿದರೆ ಪಟ್ಟಿ ಎದ್ದು ಕಾಣುತ್ತವೆ, ಕಿಟಕಿಯ ಕಡೆಯಿಂದ ನೋಡಿದರೆ ಒಂದೇ ಬಿಳುಪು. ಮಕ್ಕಳು ಆ ಕಡೆ ಈ ಕಡೆ ಓಡಿ ಓಡಿ ನೋಡಿದರು. ಎಡಗೈ ಎಳೆ ಕೂಡಿಸಲು ಗಂಗಪ್ಪ ಎಡಕ್ಕೆ ಹೊಸೆಯುವುದು ಕಲಿತನಂತೆ, ಮುದುಕನಾದ ಮೇಲೆ.

ಗೌಡರು ಬಂದರು. ಕೋಲಿನ ತುದಿಯಿಂದ ಹಾಸು ತೋರಿಸಿ, ಕೇರಿಯವರ ನೂಲು ಯಾವುದು ಅಂತ ಕೇಳಿದರು.

ಗೊತ್ತಿಲ್ಲ ಅಂದೆ. ಸುಳ್ಳಲ್ಲ. ಖರೇನೇ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಎಡಗೈ ಪಟ್ಟಿ ಅವರದಲ್ಲವೇ ಅಂದರು.

ಕಸ್ತೂರೆವ್ವ ಮುಂದೆ ಬಂದಳು. "ಅದರಾಗ ನಂದೂ ಐತಿ ಅಜ್ಜಾ. ಸಾವಂತ್ರೆವ್ವ ಕೈ ಹಿಡದು ಕಲಿಸ್ಯಾಳ."

ಗೌಡರು ಮೊಮ್ಮಗಳ ಕೈ ನೋಡಿದರು. ಆ ಕೈಯಿಂದ ಈ ಎರಡು ತಿಂಗಳಲ್ಲಿ ಅವರ ಮನೆಯಲ್ಲಿ ಏನೇನು ಮುಟ್ಟಿದ್ದಾಳೋ, ಎಲ್ಲ ಲೆಕ್ಕ ಹಾಕಿರಬೇಕು. ಕೋಲು ಊರಿಕೊಂಡು ಹೊರಟುಹೋದರು. ನಾಳೆ ಕಟ್ಟಡ ಬಿಡಿ ಅನ್ನಬಹುದು. ಕಪಾಟಿನಿಂದ ಸರಕಾರದ ಆರ್ಡರ್ ತೆಗೆದು ಗೋಡೆಗೆ ಹಚ್ಚಿದೆ. ಎರಡು ವರ್ಷ ತಡವಾಗಿ.

ಕೂಡಿರಿ ಅಂದೆ. ಕೇರಿಯ ನಾಲ್ಕು ಮಕ್ಕಳು ಗೋಣಿತಟ್ಟಿನ ಕಡೆ ಹೊರಟರು. ಅಲ್ಲಿ ಅಲ್ಲ, ಇಲ್ಲಿ ಅಂದೆ.

ಎಲ್ಲರೂ ಕೂತರು. ಮೂವತ್ತೊಂದು.

೯ ಜನವರಿ, ಬೆಳಿಗ್ಗೆ, ಶಾಲೆಯಲ್ಲಿ

ಗೌಡರಿಂದ ಸುದ್ದಿ ಇಲ್ಲ. ಕಸ್ತೂರೆವ್ವ ಬಂದಿದ್ದಾಳೆ, ಎಲ್ಲರಿಗಿಂತ ಮೊದಲು. ಅದೇ ಉತ್ತರ ಅಂದುಕೊಳ್ಳುತ್ತೇನೆ.

ಜಗಳ ಶುರುವಾಗಿದೆ. ಜಾಗ ಸಾಲುವುದಿಲ್ಲವಂತೆ, ಮೊಣಕಾಲಿಗೆ ಮೊಣಕಾಲು ತಾಗುತ್ತದಂತೆ. ಸಾವಂತ್ರೆವ್ವ ಹಾಸು ಅಳೆದಳು. ತಲೆಗೊಂದು ಮೊಳ, ಒಟ್ಟು ಇಪ್ಪತ್ತೇಳು ಮೊಳ. ಮತ್ತೆ ಅಳೆದಳು. ಮತ್ತೂ ಇಪ್ಪತ್ತೇಳೇ.

"ನಾವು ಮೂವತ್ತೊಂದು ಮಂದಿ ಅದೇವಲ್ರಿ. ಈ ಲೆಕ್ಕ ಯಾರು ಹಾಕಿದ್ರಿ?"

ನಾನೇ ಅಂದೆ. ಜೂನ್ ತಿಂಗಳಲ್ಲಿ ಹಾಕಿದ್ದು. ಆಗ ನಾನು ಯಾವ ನಾಲ್ವರನ್ನು ಎಣಿಸಲಿಲ್ಲ ಅಂತ ಅವಳಿಗೆ ತಿಳಿಯಿತು. ತಿಳಿದದ್ದು ಮುಖದಲ್ಲಿ ಕಂಡಿತು. ಸೀಮೆಸುಣ್ಣದ ಖಡು ತೆಗೆದುಕೊಂಡು ಬೋರ್ಡಿಗೆ ಹೋದಳು. ಎಡಗೈಯಲ್ಲಿ ಬರೆಯುತ್ತಿದ್ದಾಳೆ. ಅಕ್ಷರ ಸೊಟ್ಟ, ಲೆಕ್ಕ ಸರಿ. ಮಕ್ಕಳೆಲ್ಲ ಅವಳ ಜೊತೆ ಗಟ್ಟಿಯಾಗಿ ಓದುತ್ತಿದ್ದಾರೆ. ನಾನೂ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ —

ಮಕ್ಕಳು, ಮೂವತ್ತೊಂದು ಮೊಳ. ಮಾಸ್ತರು, ಒಂದು ಮೊಳ. ಒಟ್ಟು ಮೂವತ್ತೆರಡು ಮೊಳ.